ದಿನಾ ಟ್ಯೂನಾ ಡಬ್ಬಿ: ಬೆಕ್ಕಿಗೆ ಏನು ಸಿಗುತ್ತದೆ, ಏನು ಸಿಗುವುದಿಲ್ಲ

ಪ್ರಶ್ನೆ: ನಾವು ಬೆಂಗಳೂರಿನ ಫ್ಲ್ಯಾಟ್ ಒಂದರಲ್ಲಿ ಇದ್ದೇವೆ. ಮನೆಯಲ್ಲಿ ಎಲ್ಲರೂ ಸಸ್ಯಾಹಾರಿಗಳು. ಎರಡೂವರೆ ವರ್ಷದ ಹೆಣ್ಣು ಬೆಕ್ಕಿದೆ, ಸಂತಾನಹರಣ ಆಪರೇಷನ್ ಆಗಿದೆ, ತೂಕ 4.2 ಕೆ.ಜಿ. ಮೀನು ತಂದು ಬೇಯಿಸುವುದು ನಮ್ಮ ಅಡುಗೆಮನೆಯಲ್ಲಿ ಆಗದ ಮಾತು. ಹಾಗಾಗಿ ಎಂಟು ತಿಂಗಳಿಂದ ಸೂಪರ್ ಮಾರ್ಕೆಟ್ಟಿನ 185 ಗ್ರಾಂ ಟ್ಯೂನಾ ಡಬ್ಬಿ ದಿನಕ್ಕೊಂದು ತೆರೆದು ಬೆಳಿಗ್ಗೆ ಅರ್ಧ, ರಾತ್ರಿ ಅರ್ಧ ಹಾಕುತ್ತಿದ್ದೇವೆ. ಹೆಚ್ಚಾಗಿ ಉಪ್ಪುನೀರಿನದು, ಸಿಗದಿದ್ದರೆ ಎಣ್ಣೆಯದು. ಜೊತೆಗೆ ಸ್ವಲ್ಪ ಹಾಲು. ಈಗ ಡ್ರೈ ಫುಡ್ ಇಟ್ಟರೆ ಮೂಸಿಯೂ ನೋಡುವುದಿಲ್ಲ. ಬೆನ್ನ ಮೇಲೆ ಹೊಟ್ಟು ಕಾಣುತ್ತಿದೆ, ಮೂತ್ರದ ವಾಸನೆ ಜೋರಾಗಿದೆ. ಒಬ್ಬರು ಪಾದರಸ ಅಂತಾರೆ, ಇನ್ನೊಬ್ಬರು ಉಪ್ಪಿನಿಂದ ಕಿಡ್ನಿ ಹೋಗುತ್ತೆ ಅಂತಾರೆ, ಮತ್ತೊಬ್ಬರು ಮೀನಿನಿಂದ ಮೂತ್ರದಲ್ಲಿ ಕಲ್ಲಾಗುತ್ತೆ ಅಂತಾರೆ. ಊರಿನ ಬೆಕ್ಕುಗಳು ಹಾಲನ್ನ ತಿಂದೇ ಗಟ್ಟಿಮುಟ್ಟಾಗಿದ್ದವು ಎನ್ನುವುದು ನಮ್ಮ ಅತ್ತೆಯವರ ವಾದ. ಯಾವುದು ನಿಜ? ಹೋದ ತಿಂಗಳು ಬೀದಿಯಿಂದ ಬಂದ ಮೂರು ತಿಂಗಳ ಮರಿಯೂ ಈಗ ಅದೇ ತಟ್ಟೆಯಲ್ಲಿ ತಿನ್ನುತ್ತಿದೆ.

ಉತ್ತರ: ನಿಮ್ಮ ಪತ್ರದ ಕೊನೆಯ ಸಾಲನ್ನು ಮೊದಲು ತೆಗೆದುಕೊಳ್ಳುತ್ತೇನೆ. ಉಳಿದದ್ದಕ್ಕೆಲ್ಲ ಒಂದೆರಡು ವಾರ ತಡವಾದರೂ ನಡೆಯುತ್ತದೆ, ಇದಕ್ಕೆ ನಡೆಯುವುದಿಲ್ಲ. ಮರಿಗೆ ಟ್ಯೂನಾ ಇವತ್ತಿನಿಂದಲೇ ನಿಲ್ಲಿಸಿ, ಮರಿಗಳಿಗೆಂದೇ ತಯಾರಾದ ಪೂರ್ಣ ಆಹಾರ ಶುರುಮಾಡಿ. ತಟ್ಟೆಯನ್ನೂ ಬೇರೆ ಮಾಡಿ, ಊಟದ ಹೊತ್ತಿಗೆ ಎರಡನ್ನೂ ಬೇರೆ ಬೇರೆ ಕೋಣೆಯಲ್ಲಿ ಬಿಡಿ.

ಕಾರಣ ಕ್ಯಾಲ್ಸಿಯಂ. ಡಬ್ಬಿಯಲ್ಲಿರುವುದು ಮುಳ್ಳು, ಚರ್ಮ, ಕರುಳು ಎಲ್ಲ ತೆಗೆದ ಬರೀ ಮಾಂಸ. 100 ಗ್ರಾಂ ಟ್ಯೂನಾದಲ್ಲಿ ಕ್ಯಾಲ್ಸಿಯಂ 10ರಿಂದ 17 ಮಿಲಿಗ್ರಾಂ ಇದ್ದರೆ ರಂಜಕ 140 ಮಿಲಿಗ್ರಾಂ ಆಸುಪಾಸು ಇರುತ್ತದೆ. ಬೆಳೆಯುವ ಮರಿಗೆ ಇವೆರಡೂ ಹೆಚ್ಚುಕಡಿಮೆ ಸಮಸಮ ಬೇಕು, ಕ್ಯಾಲ್ಸಿಯಂ ತುಸು ಹೆಚ್ಚೇ ಇರಬೇಕು. ಮೂರು ತಿಂಗಳ, ಸುಮಾರು 1.2 ಕೆ.ಜಿ. ತೂಗುವ ಮರಿಗೆ ದಿನಕ್ಕೆ 200 ಕಿಲೊಕ್ಯಾಲರಿಯಷ್ಟು ಆಹಾರ ಬೇಕು, ಅದರೊಳಗೆ 500 ಮಿಲಿಗ್ರಾಂನಷ್ಟು ಕ್ಯಾಲ್ಸಿಯಂ ಇರಬೇಕು. ಹೊಟ್ಟೆ ಬಿರಿಯುವಷ್ಟು ಟ್ಯೂನಾ ತಿಂದರೂ ಅದಕ್ಕೆ ಸಿಗುವುದು 30 ಮಿಲಿಗ್ರಾಂ. ಉಳಿದದ್ದನ್ನು ಮೈ ಎಲ್ಲಿಂದ ತರಬೇಕು? ಕತ್ತಿನಲ್ಲಿರುವ ಪ್ಯಾರಾಥೈರಾಯ್ಡ್ ಗ್ರಂಥಿಗಳು ಮೂಳೆಯಿಂದ ಕ್ಯಾಲ್ಸಿಯಂ ಕಿತ್ತು ರಕ್ತಕ್ಕೆ ಬಿಡುತ್ತವೆ. ಮೂಳೆ ಉದ್ದವಾಗುತ್ತಾ ಹೋಗುತ್ತದೆ, ಒಳಗೆ ಟೊಳ್ಳಾಗುತ್ತಾ ಹೋಗುತ್ತದೆ.

ಬರೀ ಮಾಂಸ ತಿನ್ನುವ ಮರಿಗಳಲ್ಲಿ ಒಂದೆರಡು ತಿಂಗಳಲ್ಲೇ ಇದು ಹೊರಗೆ ಕಾಣತೊಡಗುತ್ತದೆ. ಮೊದಲು ಸೋಫಾ ಹತ್ತುವುದನ್ನು ಬಿಡುತ್ತದೆ. ಆಟ ಕಡಿಮೆಯಾಗುತ್ತದೆ, ಎತ್ತಿಕೊಂಡರೆ ಕಿರುಚುತ್ತದೆ, ಹಿಂಗಾಲು ಕುಂಟುತ್ತದೆ. ಕುರ್ಚಿಯಿಂದ ಇಳಿದಷ್ಟಕ್ಕೇ ಕಾಲು ಮುರಿದುಕೊಂಡು ಬರುವ ಮರಿಗಳಿವೆ. ಸೊಂಟದ ಮೂಳೆ ಒಳಕ್ಕೆ ಬಾಗಿದರೆ ಮುಂದೆ ಜೀವನಪೂರ್ತಿ ಮಲಬದ್ಧತೆ. ಒಂದು ವಿಷಯ ನೆನಪಿಡಿ: ಇಂಥ ಮರಿಯ ರಕ್ತಪರೀಕ್ಷೆಯಲ್ಲಿ ಕ್ಯಾಲ್ಸಿಯಂ ಬಹುತೇಕ ಸರಿಯಾಗಿಯೇ ಬರುತ್ತದೆ, ಏಕೆಂದರೆ ಮೂಳೆ ಕರಗಿಸಿಯಾದರೂ ಮೈ ಅದನ್ನು ಸರಿಯಾಗಿ ಇಟ್ಟುಕೊಳ್ಳುತ್ತದೆ. ಆದ್ದರಿಂದ ರಕ್ತದ ರಿಪೋರ್ಟ್ ನೋಡಿ ಸಮಾಧಾನಪಡಬೇಡಿ, ಎಕ್ಸ್‌ರೇ ಮಾಡಿಸಿ. ಮೂಳೆಯ ಬಿಳುಪು ಸುತ್ತಲಿನ ಮಾಂಸದಷ್ಟೇ ಮಂಕಾಗಿ ಕಂಡರೆ ಅದೇ ಉತ್ತರ. ನಿಮ್ಮ ಮರಿ ಟ್ಯೂನಾ ತಿನ್ನತೊಡಗಿ ಒಂದು ತಿಂಗಳಷ್ಟೇ ಆಗಿದೆ. ಓಡಾಟ ಸಹಜವಾಗಿದ್ದರೆ ಆಹಾರ ಬದಲಾಯಿಸಿದರೆ ಸಾಕು. ಮೇಲೆ ಹೇಳಿದ ಯಾವುದೇ ಲಕ್ಷಣ ಕಂಡರೆ ಎಕ್ಸ್‌ರೇ ಆಗುವವರೆಗೆ ಎತ್ತರಕ್ಕೆ ಹಾರದಂತೆ ದೊಡ್ಡ ಪಂಜರದಲ್ಲೋ, ಸಾಮಾನಿಲ್ಲದ ಸಣ್ಣ ಕೋಣೆಯಲ್ಲೋ ಇಡಿ.

ಮನೆಯಲ್ಲಿರುವ ಕ್ಯಾಲ್ಸಿಯಂ ಸಿರಪ್ಪನ್ನು ಟ್ಯೂನಾಗೆ ಬೆರೆಸಿದರೆ ಆಗದೇ ಎಂದು ಹಲವರು ಕೇಳುತ್ತಾರೆ. ಬೇಡ. ಮನುಷ್ಯರ ಸಿರಪ್‌ಗಳಲ್ಲಿ ವಿಟಮಿನ್ ಡಿ ಕೂಡ ಇರುತ್ತದೆ, ಮೀನಿನಲ್ಲಿ ಅದು ಮೊದಲೇ ಇದೆ. ಅಂದಾಜಿನ ಮೇಲೆ ಹಾಕುತ್ತಾ ಹೋದರೆ ಮೂತ್ರಪಿಂಡದಲ್ಲಿ ಸುಣ್ಣ ಕಟ್ಟುವ ಅಪಾಯವಿದೆ. ಹಾಲಿನಿಂದಲೂ ಈ ಲೆಕ್ಕ ತುಂಬುವುದಿಲ್ಲ: 100 ಮಿ.ಲೀ. ಹಾಲಿನಲ್ಲಿ ಕ್ಯಾಲ್ಸಿಯಂ 120 ಮಿಲಿಗ್ರಾಂ ಮಾತ್ರ. ಮರಿ ಅರ್ಧ ಲೀಟರಿನ ಹತ್ತಿರ ಕುಡಿಯಬೇಕಾಗುತ್ತದೆ, ಅದಕ್ಕೆ ಮೊದಲೇ ಭೇದಿ ಶುರುವಾಗಿರುತ್ತದೆ.

ಈಗ ದೊಡ್ಡ ಬೆಕ್ಕಿನ ವಿಷಯ. ಬೆಳೆದ ಬೆಕ್ಕಿನಲ್ಲಿ ಎಲ್ಲವೂ ನಿಧಾನ. ಎಂಟು ತಿಂಗಳು ಚೆನ್ನಾಗಿಯೇ ಇದೆಯಲ್ಲ ಎಂದು ಅನ್ನಿಸುವುದೂ ಅದಕ್ಕೇ. ನಿಮಗೆ ಬಂದಿರುವ ಎಚ್ಚರಿಕೆಗಳೆಲ್ಲ ಡಬ್ಬಿಯಲ್ಲಿ ಏನೋ ಕೆಟ್ಟದ್ದು ಇದೆ ಎನ್ನುವವು: ಪಾದರಸ, ಉಪ್ಪು, ಕಲ್ಲು. ವೈದ್ಯರಾಗಿ ನಮಗೆ ಹೆಚ್ಚು ಚಿಂತೆ ಹುಟ್ಟಿಸುವುದು ಡಬ್ಬಿಯಲ್ಲಿ ಇಲ್ಲದ್ದು.

ಬೆಕ್ಕಿನ ಮೈ ರೂಪುಗೊಂಡಿರುವುದು ಇಡೀ ಇಲಿಯನ್ನು ತಿನ್ನುವುದಕ್ಕೆ. ಒಂದು ಇಲಿಮರಿಯಷ್ಟು ಬೇಟೆಯಲ್ಲಿ ಸುಮಾರು 30 ಕಿಲೊಕ್ಯಾಲರಿ ಇದ್ದು, ದಿನಕ್ಕೆ ಏಳೆಂಟು ಹಿಡಿದರೆ ಹೊಟ್ಟೆ ತುಂಬುತ್ತದೆ. ಮೂಳೆಯಿಂದ ಕ್ಯಾಲ್ಸಿಯಂ, ಈಲಿಯಿಂದ (ಲಿವರ್) ವಿಟಮಿನ್ ಎ ಮತ್ತು ಬಿ ಗುಂಪಿನವು, ಹೃದಯ ಮತ್ತು ಮಾಂಸದಿಂದ ಟಾರಿನ್ ಎಂಬ ಅಮೈನೊ ಆಮ್ಲ, ರಕ್ತದಿಂದ ಉಪ್ಪು. ಅತ್ತೆಯವರ ಮಾತಿಗೆ ಉತ್ತರವೂ ಇಲ್ಲೇ ಇದೆ. ಊರಿನ ಬೆಕ್ಕು ಜಗಲಿಯಲ್ಲಿ ಹಾಲನ್ನ ತಿಂದದ್ದನ್ನು ಎಲ್ಲರೂ ನೋಡಿದ್ದಾರೆ. ಅಟ್ಟದಲ್ಲಿ, ಕೊಟ್ಟಿಗೆಯಲ್ಲಿ, ಗದ್ದೆಯ ಬದುವಿನಲ್ಲಿ ತಿಂದದ್ದನ್ನು ಯಾರೂ ಲೆಕ್ಕ ಇಟ್ಟಿಲ್ಲ. ಹಾಲನ್ನ ಅದಕ್ಕೆ ಮೇಲೋಗರ. ಆರನೇ ಮಹಡಿಯ ಫ್ಲ್ಯಾಟಿನ ಬೆಕ್ಕಿಗೆ ಇಲಿಯೂ ಇಲ್ಲ, ಹಲ್ಲಿಯೂ ಅಪರೂಪ. ತಟ್ಟೆಯಲ್ಲಿ ಬಿದ್ದದ್ದೇ ಎಲ್ಲ. ಬರೀ ಹಾಲನ್ನ ಅಥವಾ ಮೊಸರನ್ನದ ಮೇಲೆ ಇಟ್ಟ ಮನೆಬೆಕ್ಕಿನ ಸ್ಥಿತಿ ಟ್ಯೂನಾ ತಿನ್ನುವ ಬೆಕ್ಕಿಗಿಂತಲೂ ಕಷ್ಟ.

ಹೊಟ್ಟಿನಿಂದ ಶುರುಮಾಡೋಣ. ಮೀನಿನ ಕೊಬ್ಬು ಬೇಗ ಕಮಟುವ ಜಾತಿಯದು. ಅದು ಮೈಯೊಳಗೆ ಸೇರಿದ ಮೇಲೂ ಕಮಟದಂತೆ ಕಾಯುವುದು ವಿಟಮಿನ್ ಇ. ಎಣ್ಣೆಮೀನು ಹೆಚ್ಚಾಗಿ, ವಿಟಮಿನ್ ಇ ಕಡಿಮೆಯಾದಾಗ ಚರ್ಮದಡಿಯ ಕೊಬ್ಬು ಉರಿಯೂತಕ್ಕೆ ಸಿಕ್ಕಿ ಹಳದಿ, ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ. ಸ್ಟಿಯಟೈಟಿಸ್ ಎನ್ನುವ ಈ ಕಾಯಿಲೆ ಕೆಂಪು ಟ್ಯೂನಾ ಡಬ್ಬಿಯ ಮೇಲೆ ಬದುಕಿದ್ದ ಬೆಕ್ಕುಗಳಲ್ಲಿ ಕಂಡುಬಂದಿದೆ. ಕೂದಲು ಹೊಳಪು ಕಳೆದುಕೊಂಡು ಹೊಟ್ಟು ಬರುವುದು ಇದರ ಮೊದಲ ಲಕ್ಷಣಗಳಲ್ಲಿ ಒಂದು. ಹಾಗೆಂದು ಹೊಟ್ಟು ಕಂಡಿದ್ದೆಲ್ಲ ಇದೇ ಅಲ್ಲ; ಚಿಗಟ, ಚರ್ಮದ ಹುಳು, ಬೆನ್ನು ನೆಕ್ಕಲು ಆಗದಷ್ಟು ದಪ್ಪ, ಹೀಗೆ ಬೇರೆ ಕಾರಣಗಳೂ ಇವೆ. ಮನೆಯಲ್ಲೇ ಒಂದು ಪರೀಕ್ಷೆ ಮಾಡಬಹುದು. ಬೆಕ್ಕು ಆರಾಮಾಗಿ ನಿಂತಿದ್ದಾಗ ಅಂಗೈಯನ್ನು ಚಪ್ಪಟೆಯಾಗಿ ಅದರ ಕೆಳಹೊಟ್ಟೆಗೆ, ಹಿಂಗಾಲುಗಳ ನಡುವೆ ಜೋತುಬೀಳುವ ಕೊಬ್ಬಿನ ಮಡಿಕೆಗೆ ತಂದು, ಬೆರಳ ತುದಿಯಿಂದ ಮೆಲ್ಲಗೆ ಒತ್ತಿ. ಆರೋಗ್ಯವಂತ ಬೆಕ್ಕಿನಲ್ಲಿ ಅದು ಮೆತ್ತಗೆ ಜಾರುತ್ತದೆ. ಅವರೆಕಾಳಿನಂಥ ಗಂಟುಗಳು ಸಿಕ್ಕರೆ, ಅಥವಾ ಯಾವಾಗಲೂ ಮುದ್ದು ಮಾಡಿಸಿಕೊಳ್ಳುವ ಬೆಕ್ಕು ಅಲ್ಲಿ ಮುಟ್ಟಿದ ಕೂಡಲೇ ತಿರುಗಿ ಕಚ್ಚಲು ಬಂದರೆ, ಮೈ ಬಿಸಿಯಾಗಿದ್ದರೆ, ಅದೇ ದಿನ ವೈದ್ಯರಲ್ಲಿಗೆ ಹೋಗಿ. ಎಣ್ಣೆಯ ಡಬ್ಬಿಯನ್ನಂತೂ ಇವತ್ತಿನಿಂದಲೇ ಬಿಡಿ.

ಎರಡನೆಯದು ಥಯಮಿನ್, ಅಂದರೆ ವಿಟಮಿನ್ ಬಿ1. ಡಬ್ಬಿಯನ್ನು ಮುಚ್ಚಿದ ಮೇಲೆ ಸುಮಾರು 116ರಿಂದ 121 ಡಿಗ್ರಿ ಬಿಸಿಯಲ್ಲಿ ಬೇಯಿಸುತ್ತಾರೆ. ಡಬ್ಬಿ ಕೆಡದೆ ಇರುವುದು ಅದರಿಂದಲೇ, ಥಯಮಿನ್ ಬಹಳಷ್ಟು ಹಾಳಾಗುವುದೂ ಅದರಿಂದಲೇ. ಬೆಕ್ಕಿನ ಆಹಾರ ತಯಾರಿಸುವವರು ಈ ನಷ್ಟದ ಲೆಕ್ಕ ಹಾಕಿ ಮೊದಲೇ ಹೆಚ್ಚು ಸೇರಿಸುತ್ತಾರೆ. ಮನುಷ್ಯರಿಗೆಂದು ಮಾಡಿದ ಟ್ಯೂನಾಗೆ ಯಾರೂ ಸೇರಿಸುವುದಿಲ್ಲ. ಕೊರತೆ ತೀವ್ರವಾದಾಗ ಬೆಕ್ಕು ಮೊದಲು ಊಟ ಬಿಡುತ್ತದೆ, ಆಮೇಲೆ ಗದ್ದ ಎದೆಗೆ ತಾಗುವಂತೆ ತಲೆ ಬಾಗಿಸಿ ಕೂರುತ್ತದೆ, ಕಣ್ಣಿನ ಪಾಪೆ ದೊಡ್ಡದಾಗಿಯೇ ಉಳಿಯುತ್ತದೆ, ನಡಿಗೆ ತೂರಾಡುತ್ತದೆ, ಕೊನೆಗೆ ಫಿಟ್ಸ್. ಸಮಯಕ್ಕೆ ಇಂಜೆಕ್ಷನ್ ಬಿದ್ದರೆ ಒಂದೆರಡು ದಿನದಲ್ಲೇ ಸುಧಾರಿಸುವ ಕಾಯಿಲೆ ಇದು, ತಡವಾದರೆ ಮಿದುಳಿಗೆ ಶಾಶ್ವತ ಪೆಟ್ಟು. ಹಸಿಮೀನು ಹಾಕುವವರಿಗೆ ಇದೇ ತೊಂದರೆ ಬೇರೆ ದಾರಿಯಲ್ಲಿ ಬರುತ್ತದೆ: ಬೂತಾಯಿಯ ಬಳಗದ ಮೀನುಗಳಲ್ಲಿ, ಗೆಂಡೆಯಲ್ಲಿ ಥಯಮಿನನ್ನೇ ಒಡೆಯುವ ಕಿಣ್ವವಿದೆ. ಫ್ರೀಜರಿನಲ್ಲಿಟ್ಟರೆ ಅದು ಸಾಯುವುದಿಲ್ಲ, ಬೇಯಿಸಿದರೆ ಮಾತ್ರ ಸಾಯುತ್ತದೆ.

ಟಾರಿನ್ ಬಗ್ಗೆ ನೀವು ಕೇಳಿರಬಹುದು. ಬೆಕ್ಕು ಇದನ್ನು ತನ್ನ ಮೈಯಲ್ಲಿ ಸಾಕಷ್ಟು ತಯಾರಿಸಿಕೊಳ್ಳಲಾರದು. ಕಡಿಮೆಯಾದರೆ ಕಣ್ಣಿನ ರೆಟಿನಾ ಸವೆಯುತ್ತದೆ ಎಂದು 1975ರಲ್ಲೇ ಗೊತ್ತಾಗಿತ್ತು. 1987ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕ್ಯಾಂಪಸ್ಸಿನ ಪಾಲ್ ಪಯಾನ್ ಮತ್ತು ಸಂಗಡಿಗರು ಬೆಕ್ಕುಗಳ ಹೃದಯ ಹಿಗ್ಗಿ ಸೋಲುವುದಕ್ಕೂ ಇದೇ ಕಾರಣವೆಂದು ತೋರಿಸಿದರು. ಆಗ ಅಂಗಡಿಯಲ್ಲಿ ಮಾರುತ್ತಿದ್ದ ಆಹಾರವನ್ನೇ ತಿನ್ನುತ್ತಿದ್ದ ಬೆಕ್ಕುಗಳವು. ಅಂದಿನಿಂದ ಒಳ್ಳೆಯ ಬೆಕ್ಕಿನ ಆಹಾರದಲ್ಲೆಲ್ಲ ಟಾರಿನ್ ಸೇರಿಸುತ್ತಾರೆ. ಟ್ಯೂನಾದಲ್ಲಿ ಟಾರಿನ್ ಇಲ್ಲವೆಂದಲ್ಲ, ಇದೆ. ಆದರೆ ನೀರಿನಲ್ಲಿ ಕರಗುವ ವಸ್ತುವಾದ್ದರಿಂದ ಒಂದು ಪಾಲು ನೀವು ಸಿಂಕಿಗೆ ಬಸಿಯುವ ನೀರಿನ ಜೊತೆ ಹೋಗುತ್ತದೆ. ಡಬ್ಬಿಯಲ್ಲಿ ಬೆಂದ ಆಹಾರ ಕರುಳಿನಲ್ಲಿ ಟಾರಿನ್ ತಿನ್ನುವ ಬ್ಯಾಕ್ಟೀರಿಯಾಗಳಿಗೆ ಅನುಕೂಲ ಮಾಡಿಕೊಡುವುದರಿಂದ ಸಾಕುಪ್ರಾಣಿಗಳ ಆಹಾರಕ್ಕೆಂದು ಇರುವ ಅಮೆರಿಕದ ಆಫ್ಕೊ (AAFCO) ಮಾನದಂಡ ಡ್ರೈ ಫುಡ್‌ಗೆ ಒಣತೂಕದ ಶೇ. 0.1 ಟಾರಿನ್ ಸಾಕೆಂದರೆ ಡಬ್ಬಿಯ ಆಹಾರಕ್ಕೆ ಶೇ. 0.2 ಕೇಳುತ್ತದೆ.

ಅದೇ ಮಾನದಂಡದಲ್ಲಿ ಇನ್ನೊಂದು ಷರತ್ತು ಇದೆ: ಒಣತೂಕದ ಲೆಕ್ಕದಲ್ಲಿ ಮೀನು ಶೇ. 25 ದಾಟಿದರೆ ವಿಟಮಿನ್ ಕೆ ಸೇರಿಸಲೇಬೇಕು. ಮೀನೇ ಮುಖ್ಯವಾದ ಆಹಾರ ತಿಂದ ಬೆಕ್ಕುಗಳಲ್ಲಿ ರಕ್ತ ಹೆಪ್ಪುಗಟ್ಟದೆ ಒಳಗೊಳಗೇ ಸೋರಿದ್ದು ಇದಕ್ಕೆ ಹಿನ್ನೆಲೆ. ಬೇರೆ ಯಾವ ಮಾಂಸಕ್ಕೂ ಈ ಷರತ್ತು ಇಲ್ಲ. ಮೀನನ್ನು ಬೆಕ್ಕಿನ ಸಹಜ ಆಹಾರ ಎಂದುಕೊಳ್ಳುವವರು ಇದನ್ನೊಮ್ಮೆ ಯೋಚಿಸಬೇಕು.

ಕ್ಯಾಲರಿ ಲೆಕ್ಕವನ್ನೂ ನೋಡಿ. ನಿಮ್ಮ ಬೆಕ್ಕಿಗೆ ದಿನಕ್ಕೆ ಬೇಕಾದದ್ದು 200ರಿಂದ 240 ಕಿಲೊಕ್ಯಾಲರಿ. 185 ಗ್ರಾಂ ಡಬ್ಬಿಯ ನೀರು ಬಸಿದರೆ ಉಳಿಯುವ ಮೀನು 130 ಗ್ರಾಂ ಆಸುಪಾಸು. ಉಪ್ಪುನೀರಿನದಾದರೆ ಅದರಲ್ಲಿ 110ರಿಂದ 150 ಕಿಲೊಕ್ಯಾಲರಿ, ಎಣ್ಣೆಯದಾದರೆ 250. ಒಂದು ದಿನ ಅರೆಹೊಟ್ಟೆ, ಇನ್ನೊಂದು ದಿನ ಮಿತಿಮೀರಿ. ಹಾಲಿಗಾಗಿ ಅದು ಕಾಲಿಗೆ ಸುತ್ತಿಕೊಳ್ಳುವುದಕ್ಕೆ ರುಚಿಯೊಂದೇ ಕಾರಣವಲ್ಲದಿರಬಹುದು.

ಇನ್ನು ನೀವು ಕೇಳಿಸಿಕೊಂಡ ಮೂರು ಭಯಗಳು.

ಪಾದರಸದ ಮಾತು ಸುಳ್ಳಲ್ಲ. ಜಪಾನಿನ ಮಿನಮಾಟಾದಲ್ಲಿ 1950ರ ದಶಕದಲ್ಲಿ ರಾಸಾಯನಿಕ ಕಾರ್ಖಾನೆಯೊಂದು ಕೊಲ್ಲಿಗೆ ಬಿಟ್ಟ ಪಾದರಸ ಮೀನಿಗೆ ಸೇರಿ, ಮನುಷ್ಯರಿಗಿಂತ ಮೊದಲು ಹುಚ್ಚೆದ್ದು ಕುಣಿದು ಸತ್ತದ್ದು ಅಲ್ಲಿನ ಬೆಕ್ಕುಗಳು. ಮನುಷ್ಯರಲ್ಲಿ ಕಾಯಿಲೆ ಅಧಿಕೃತವಾಗಿ ದಾಖಲಾದದ್ದು 1956ರಲ್ಲಿ. ಆದರೆ ಇವತ್ತಿನ ಡಬ್ಬಿ ಮಿನಮಾಟಾದ ಮೀನಲ್ಲ. ಅಮೆರಿಕದ ಆಹಾರ ಮತ್ತು ಔಷಧ ಸಂಸ್ಥೆ ಎಫ್‌ಡಿಎಯ ಅಳತೆಗಳ ಪ್ರಕಾರ ‘ಲೈಟ್’ ಎಂದು ಮಾರುವ ಟ್ಯೂನಾದಲ್ಲಿ ಗ್ರಾಂಗೆ ಸರಾಸರಿ 0.13 ಮೈಕ್ರೊಗ್ರಾಂ, ‘ವೈಟ್’ ಅಥವಾ ಆಲ್ಬಕೋರ್‌ನಲ್ಲಿ 0.35, ಸಾರ್ಡೀನ್‌ನಲ್ಲಿ ಬರೀ 0.013. ನಿಮ್ಮ ಬೆಕ್ಕಿನ ಲೆಕ್ಕ ಹಾಕಿದರೆ ದಿನಕ್ಕೆ ಮೈತೂಕದ ಕೆ.ಜಿ.ಗೆ 4ರಿಂದ 11 ಮೈಕ್ರೊಗ್ರಾಂ. ನಾಳೆಯೇ ವಿಷವೇರುವ ಪ್ರಮಾಣ ಇದಲ್ಲ. ಆದರೆ ಮನುಷ್ಯರಿಗೆ ಅಮೆರಿಕ ಇಟ್ಟುಕೊಂಡಿರುವ ಮಿತಿ ದಿನಕ್ಕೆ ಕೆ.ಜಿ.ಗೆ 0.1 ಮೈಕ್ರೊಗ್ರಾಂ ಎಂಬುದನ್ನು ಪಕ್ಕದಲ್ಲಿಟ್ಟು ನೋಡಿದರೆ, ಹದಿನೈದು ವರ್ಷ ಬದುಕುವ ಪ್ರಾಣಿಗೆ ಇದನ್ನು ದಿನವೂ ಕೊಡಲು ಯಾವ ಕಾರಣವೂ ಇಲ್ಲ.

ಉಪ್ಪಿನ ಭಯ ಇರಬೇಕಾದ್ದಕ್ಕಿಂತ ದೊಡ್ಡದಾಗಿ ಬೆಳೆದಿದೆ. ಮೂತ್ರಪಿಂಡ, ಹೃದಯ, ರಕ್ತದೊತ್ತಡ ಸರಿಯಿರುವ ಬೆಕ್ಕು, ಕುಡಿಯಲು ನೀರಿದ್ದರೆ, ಹೆಚ್ಚಿನ ಉಪ್ಪನ್ನು ಮೂತ್ರದಲ್ಲಿ ಹೊರಹಾಕಿಬಿಡುತ್ತದೆ. ಡಬ್ಬಿಯ ಟ್ಯೂನಾದಲ್ಲಿ 100 ಗ್ರಾಂಗೆ 250ರಿಂದ 400 ಮಿಲಿಗ್ರಾಂ ಸೋಡಿಯಂ ಇರುತ್ತದೆ. ಅಷ್ಟರಿಂದಲೇ ಆರೋಗ್ಯವಂತ ಬೆಕ್ಕಿನ ಕಿಡ್ನಿ ಹಾಳಾಗುತ್ತದೆ ಎನ್ನಲು ಆಧಾರವಿಲ್ಲ. ವಯಸ್ಸಾದ, ಕಿಡ್ನಿ ಸೋತ ಬೆಕ್ಕಿನ ಮಾತು ಬೇರೆ, ಅದಕ್ಕೆ ಬೇಡವೇ ಬೇಡ. ಡಬ್ಬಿಗಳಲ್ಲಿ ಉಪ್ಪಿಗಿಂತ ಹೆದರಬೇಕಾದದ್ದು ಈರುಳ್ಳಿ, ಬೆಳ್ಳುಳ್ಳಿ. ಟೊಮೆಟೊ ಸಾಸಿನ ಸಾರ್ಡೀನ್, ಕರಿ ಮಸಾಲೆಯ ಟ್ಯೂನಾ ಇವುಗಳಲ್ಲಿ ಪುಡಿ ರೂಪದಲ್ಲಿ ಇರುತ್ತವೆ. ಅವು ಬೆಕ್ಕಿನ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ. ಮಸಾಲೆಯ ಡಬ್ಬಿ ತೊಳೆದರೂ ಬಳಸಬೇಡಿ.

ಕಲ್ಲಿನ ವಿಷಯದಲ್ಲಿ ಮೀನಿಗಿಂತ ನೀರಿನ ಪಾತ್ರ ದೊಡ್ಡದು. ಬೆಕ್ಕಿಗೆ ಬಾಯಾರಿಕೆ ಕಡಿಮೆ. ಮೂತ್ರ ಗಟ್ಟಿಯಾದಷ್ಟೂ ಹರಳು ಕಟ್ಟುವುದು ಸುಲಭ. ಶೇ. 75ರಿಂದ 80ರಷ್ಟು ನೀರಿರುವ ವೆಟ್ ಫುಡ್ ಈ ಲೆಕ್ಕದಲ್ಲಿ ಡ್ರೈ ಫುಡ್‌ಗಿಂತ ಮೇಲು. ಬರೀ ಪ್ರೋಟೀನ್ ತಿನ್ನುವ ಬೆಕ್ಕಿನ ಮೂತ್ರ ಘಾಟಾಗುವುದು ಸಹಜ. ಮರಳಿನ ಟ್ರೇಗೆ ಪದೇ ಪದೇ ಹೋಗಿ ಹನಿ ಹನಿ ಮಾಡುತ್ತಿದ್ದರೆ, ಕೆಂಪಾಗಿದ್ದರೆ ತಡಮಾಡದೆ ಮೂತ್ರಪರೀಕ್ಷೆ ಮಾಡಿಸಿ. ಗಂಡು ಬೆಕ್ಕಾಗಿದ್ದು ಮೂತ್ರ ಪೂರ್ತಿ ನಿಂತರೆ ಅದು ರಾತ್ರಿಯೆನ್ನದೆ ಓಡಬೇಕಾದ ತುರ್ತು. ನಿಮ್ಮದು ಹೆಣ್ಣು, ಆ ಅಪಾಯ ಕಡಿಮೆ.

ಹಾಗಾದರೆ ಏನು ಹಾಕಬೇಕು? ನಿಮ್ಮಂಥ ಮನೆಗೆ ಸರಿಹೊಂದುವುದು ಬೆಕ್ಕಿಗೆಂದೇ ಮಾಡಿದ ಪೂರ್ಣ ಆಹಾರ. ಮೀನಿನ ರುಚಿಯ ಪೌಚ್ ಕತ್ತರಿಸಿ ತಟ್ಟೆಗೆ ಸುರಿಯುವುದು ಟ್ಯೂನಾ ಡಬ್ಬಿ ತೆರೆಯುವುದಕ್ಕಿಂತ ಹೆಚ್ಚಿನ ಕೆಲಸವೇನಲ್ಲ, ಅಡುಗೆಮನೆಯ ಮಡಿಗೂ ಅದರಿಂದ ಹೊಸ ತೊಂದರೆಯಿಲ್ಲ. ಆದರೆ ಬೆಕ್ಕಿನ ಚಿತ್ರ ಇದ್ದ ಮಾತ್ರಕ್ಕೆ ಪೂರ್ಣ ಆಹಾರ ಎಂದುಕೊಳ್ಳಬೇಡಿ. ಪ್ಯಾಕೆಟ್ಟಿನ ಹಿಂದೆ, ಪದಾರ್ಥಗಳ ಪಟ್ಟಿಯ ಹತ್ತಿರ, ಸಣ್ಣ ಅಕ್ಷರದಲ್ಲಿ ಒಂದು ಸಾಲು ಹುಡುಕಿ. ‘ಕಂಪ್ಲೀಟ್’ ಅಥವಾ ‘ಕಂಪ್ಲೀಟ್ ಅಂಡ್ ಬ್ಯಾಲೆನ್ಸ್‌ಡ್’ ಎಂದಿದ್ದರೆ ಅದೊಂದನ್ನೇ ಹಾಕಿ ಸಾಕಬಹುದು. ‘ಕಾಂಪ್ಲಿಮೆಂಟರಿ’ ಎಂದೋ ‘ಸಪ್ಲಿಮೆಂಟಲ್ ಫೀಡಿಂಗ್ ಓನ್ಲಿ’ ಎಂದೋ ಇದ್ದರೆ ಅದು ತಿಂಡಿ. ಜೆಲ್ಲಿಯಲ್ಲಿ ಟ್ಯೂನಾ ಎಸಳು ಎಸಳಾಗಿ ಕಾಣುವ ದುಬಾರಿ ಡಬ್ಬಿಗಳಲ್ಲಿ ಹಲವು, ಟ್ಯೂಬಿನಿಂದ ನೆಕ್ಕಿಸುವ ಕ್ರೀಮಿನಂಥವು ಹೆಚ್ಚಿನವು ಈ ಎರಡನೇ ಗುಂಪಿನವೇ. ಮೀನು ಕಣ್ಣಿಗೆ ಕಂಡಷ್ಟೂ ಒಳ್ಳೆಯ ಆಹಾರ ಎನ್ನುವ ಲೆಕ್ಕ ಇಲ್ಲಿ ತಲೆಕೆಳಗು. ಮರಿಗೆ ತರುವಾಗ ‘ಕಿಟನ್’, ‘ಗ್ರೋತ್’ ಅಥವಾ ‘ಆಲ್ ಲೈಫ್ ಸ್ಟೇಜಸ್’ ಎಂದೂ ಇರಬೇಕು. ನಾಯಿಯ ಆಹಾರ ಬೇಡ.

ಸಾರ್ಡೀನ್ ಡಬ್ಬಿಯ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳಬೇಕು. ಕರಾವಳಿಯವರ ಬೂತಾಯಿಯ ಬಳಗದ್ದೇ ಮೀನು. ಮುಳ್ಳಿನ ಸಮೇತ ಡಬ್ಬಿಗೆ ಹಾಕುವುದರಿಂದ ಮುಳ್ಳು ಮೆತ್ತಗೆ ಬೆಂದಿರುತ್ತದೆ. 100 ಗ್ರಾಂನಲ್ಲಿ ಕ್ಯಾಲ್ಸಿಯಂ 380 ಮಿಲಿಗ್ರಾಂನಷ್ಟು, ರಂಜಕ 490. ಪಾದರಸವೂ ನಗಣ್ಯ. ಟ್ಯೂನಾಗಿಂತ ಎಷ್ಟೋ ಮೇಲು. ಆದರೆ ಎಣ್ಣೆಮೀನಾದ್ದರಿಂದ ವಿಟಮಿನ್ ಇ ಸಮಸ್ಯೆ ಇಲ್ಲೂ ಇದೆ. ನೀರಿನಲ್ಲಿ ಹಾಕಿದ್ದನ್ನು ವಾರಕ್ಕೊಂದೆರಡು ಬಾರಿ ಕೊಡಬಹುದು, ದಿನದೂಟ ಮಾಡಬಾರದು. ಮಂಗಳೂರು, ಉಡುಪಿ, ಕಾರವಾರದ ಕಡೆ ತಾಜಾ ಬೂತಾಯಿ, ಬಂಗುಡೆ ಬೇಯಿಸಿ ಹಾಕುವವರಿಗೂ ಇದೇ ಮಾತು. ಉಪ್ಪು, ಹುಳಿ, ಮಸಾಲೆ ಇಲ್ಲದೆ ಕುಕ್ಕರಿನಲ್ಲಿ ನಡುಮುಳ್ಳು ಎರಡು ಬೆರಳ ನಡುವೆ ಪುಡಿಯಾಗುವವರೆಗೆ ಬೇಯಬೇಕು. ಬಿಸಿಲಿನಲ್ಲಿ ಬಿದ್ದಿದ್ದ ಬಂಗುಡೆಯನ್ನು ಬೆಕ್ಕಿಗಲ್ಲವೇ ಎಂದು ತರಬೇಡಿ. ಅದರಲ್ಲಿ ಹುಟ್ಟಿಕೊಂಡ ಹಿಸ್ಟಮಿನ್ ಎಷ್ಟು ಬೇಯಿಸಿದರೂ ಹೋಗುವುದಿಲ್ಲ.

ಕಷ್ಟದ ಕೆಲಸ ಇರುವುದು ಬಿಡಿಸುವುದರಲ್ಲಿ. ‘ಹಸಿವಾದರೆ ತಾನೇ ತಿನ್ನುತ್ತದೆ, ಎರಡು ದಿನ ಕಾಯಿಸಿ’ ಎಂದು ಯಾರಾದರೂ ಹೇಳಿದರೆ ಕೇಳಬೇಡಿ. ನಾಯಿಗೆ ನಡೆಯುವ ಉಪಾಯ ಬೆಕ್ಕಿಗೆ ನಡೆಯುವುದಿಲ್ಲ. ಬೆಕ್ಕು ಕೆಲವು ದಿನ ಊಟ ಬಿಟ್ಟರೆ, ಅದರಲ್ಲೂ ದಪ್ಪ ಬೆಕ್ಕು, ಮೈಯ ಕೊಬ್ಬೆಲ್ಲ ಈಲಿಗೆ ಹರಿದು ಈಲಿಯೇ ಸೋಲುತ್ತದೆ. ಕಿವಿಯ ಒಳಭಾಗ, ವಸಡು ಹಳದಿಯಾಗಿ ಬಂದ ಬೆಕ್ಕುಗಳಿಗೆ ವಾರಗಟ್ಟಲೆ ಕೊಳವೆಯಲ್ಲಿ ಊಟ ಕೊಡಬೇಕಾಗುತ್ತದೆ.

ನಾಲ್ಕರಿಂದ ಆರು ವಾರ ಇಟ್ಟುಕೊಳ್ಳಿ. ಮೊದಲ ನಾಲ್ಕು ದಿನ ಹೊಸ ಆಹಾರ ಬೆರೆಸಲೇಬೇಡಿ. ಬದಲಿಗೆ ಹಾಲು ನಿಲ್ಲಿಸಿ, ಊಟವನ್ನು ದಿನಕ್ಕೆ ಮೂರು ಹೊತ್ತು ಮಾಡಿ, ತಟ್ಟೆ ಅರ್ಧ ಗಂಟೆ ಇಟ್ಟು ತೆಗೆಯಿರಿ. ಟ್ಯೂನಾ ತುಂಡನ್ನು ಫೋರ್ಕಿನಿಂದ ನುಣ್ಣಗೆ ಹಿಚುಕಿಯೇ ಕೊಡಿ. ಇದು ಮುಖ್ಯ: ತುಂಡು ತುಂಡಾಗಿದ್ದರೆ ಬೆಕ್ಕು ಹೊಸದನ್ನು ಬಿಟ್ಟು ಟ್ಯೂನಾ ಮಾತ್ರ ಆರಿಸಿ ತಿನ್ನುತ್ತದೆ, ನುಣ್ಣಗಿದ್ದರೆ ಆರಿಸಲು ಬರುವುದಿಲ್ಲ. ಐದನೇ ದಿನದಿಂದ 40 ಗ್ರಾಂ ಹಿಚುಕಿದ ಟ್ಯೂನಾಗೆ ಒಂದು ಟೀ ಚಮಚ, ಸುಮಾರು 5 ಗ್ರಾಂ, ಮೀನಿನ ರುಚಿಯ, ‘ಪಾಟೇ’ (pâté) ಎನ್ನುವ ನುಣ್ಣಗೆ ಅರೆದ ಮಾದರಿಯ ವೆಟ್ ಫುಡ್ ಕಲಸಿ. ಮೂರು ದಿನ ತಕರಾರಿಲ್ಲದೆ ತಿಂದರೆ ಎರಡು ಚಮಚ ಮಾಡಿ, ಟ್ಯೂನಾವನ್ನು ಅಷ್ಟೇ ಕಡಿಮೆ ಮಾಡಿ. ಹೀಗೆ ಮೂರು ದಿನಕ್ಕೊಮ್ಮೆ ಏರಿಸುತ್ತಾ ಹೋಗಿ. ಯಾವ ಹಂತದಲ್ಲಿ ಮುಖ ತಿರುಗಿಸಿತೋ ಹಿಂದಿನ ಹಂತಕ್ಕೆ ಇಳಿದು ಇನ್ನೂ ನಾಲ್ಕು ದಿನ ಅಲ್ಲೇ ನಿಲ್ಲಿ. ಅರ್ಧಕ್ಕರ್ಧ ಬರುವ ಹೊತ್ತಿಗೆ ಬಹಳಷ್ಟು ಬೆಕ್ಕುಗಳು ಒಮ್ಮೆ ಹಟ ಹಿಡಿಯುತ್ತವೆ. ಆಗ ತಟ್ಟೆಯನ್ನು ಬಿಸಿನೀರಿನ ಬೋಗುಣಿಯ ಮೇಲಿಟ್ಟು ಆಹಾರವನ್ನು ಮೈಬಿಸಿಯಷ್ಟಕ್ಕೆ, 37 ಡಿಗ್ರಿಯಷ್ಟಕ್ಕೆ ತನ್ನಿ. ಫ್ರಿಜ್ಜಿನ ತಂಪಿನಲ್ಲಿ ವಾಸನೆ ಏಳುವುದಿಲ್ಲ, ಬೆಕ್ಕು ಊಟವನ್ನು ಒಪ್ಪುವುದು ವಾಸನೆಯಿಂದಲೇ.

ಮನೆಯವರು ಎಡವುವುದು ಸಾಮಾನ್ಯವಾಗಿ ಒಂದೇ ಕಡೆ. ಬೆಕ್ಕು ತಟ್ಟೆ ಬಿಟ್ಟು ಹೋಗಿ ಹತ್ತು ನಿಮಿಷ ಕೂಗಿದ ಕೂಡಲೇ ಯಾರೋ ಒಬ್ಬರು ಪಾಪ ಎಂದು ಹೊಸ ಡಬ್ಬಿ ತೆರೆಯುತ್ತಾರೆ. ಕೂಗಿದರೆ ಟ್ಯೂನಾ ಬರುತ್ತದೆ ಎಂದು ಅದು ಕಲಿಯಲು ಒಂದೇ ಸಲ ಸಾಕು. ಮುಂದಿನ ಹೊತ್ತಿನ ಊಟದಲ್ಲಿ ಹಿಂದಿನ ಹಂತದ ಕಲಸು ಕೊಡಿ, ಬರೀ ಟ್ಯೂನಾ ಬೇಡ. ಮನೆಯವರೆಲ್ಲ ಈ ಬಗ್ಗೆ ಮೊದಲೇ ಮಾತಾಡಿಕೊಂಡಿರಿ.

ವಾರಕ್ಕೊಮ್ಮೆ ತೂಕ ನೋಡಿ; ಬೆಕ್ಕನ್ನು ಎತ್ತಿಕೊಂಡು ನಿಂತು ನಿಮ್ಮ ತೂಕ ಕಳೆಯುವುದಕ್ಕಿಂತ ಮಕ್ಕಳನ್ನು ತೂಗುವ ಯಂತ್ರ ನಂಬಿಕೆಗೆ ಅರ್ಹ. 200 ಗ್ರಾಂಗಿಂತ ಹೆಚ್ಚು ಇಳಿದರೆ ನಿಲ್ಲಿಸಿ ವೈದ್ಯರಿಗೆ ತೋರಿಸಿ. ದೊಡ್ಡ ಬೆಕ್ಕು 24 ಗಂಟೆ, ಮರಿ 12 ಗಂಟೆ ಏನೂ ತಿನ್ನದಿದ್ದರೂ ಹಾಗೆಯೇ. ಮರಿಗೆ ಈ ನಿಧಾನದ ದಾರಿ ಬೇಕಾಗುವುದಿಲ್ಲ, ಅದರ ರುಚಿ ಇನ್ನೂ ಗಟ್ಟಿಯಾಗಿಲ್ಲ; ಎರಡು ಮೂರು ದಿನದಲ್ಲಿ ಹೊಸದನ್ನು ಒಪ್ಪಿಕೊಳ್ಳುತ್ತದೆ. ಮರಿಯ ಆಹಾರವನ್ನೇ ದೊಡ್ಡದೂ ಇಷ್ಟಪಟ್ಟು ತಿಂದರೆ ಬದಲಾವಣೆಯ ವಾರಗಳಲ್ಲಿ ತಡೆಯಬೇಡಿ, ಆಮೇಲೆ ಮಾತ್ರ ಬೇರೆ ಮಾಡಿ. ಅದರಲ್ಲಿ ಕ್ಯಾಲರಿ ಹೆಚ್ಚು, ಆಪರೇಷನ್ ಆದ ಬೆಕ್ಕು ಬೇಗ ದಪ್ಪವಾಗುತ್ತದೆ.

ತೆರೆದ ಡಬ್ಬಿಯನ್ನು ಹಾಗೇ ಫ್ರಿಜ್ಜಿಗೆ ಇಡಬೇಡಿ. ಗಾಜಿನ ಅಥವಾ ಸ್ಟೀಲಿನ ಮುಚ್ಚಳದ ಡಬ್ಬಕ್ಕೆ ಹಾಕಿಟ್ಟರೆ ಎರಡು ದಿನ ಬಳಸಬಹುದು. ತಟ್ಟೆಯಲ್ಲಿ ಉಳಿದದ್ದನ್ನು ಬೇಸಿಗೆಯಲ್ಲಿ ಒಂದು ಗಂಟೆಯ ಮೇಲೆ ಇಡಬೇಡಿ. ಮುಚ್ಚಳ ಉಬ್ಬಿದ ಡಬ್ಬಿಯನ್ನು ತೆರೆಯದೆ ಎಸೆಯಿರಿ. ಖಾಲಿ ಡಬ್ಬಿ ಬೆಕ್ಕಿನ ಬಾಯಿಗೆ ಸಿಗದಿರಲಿ, ಅಂಚಿನಿಂದ ನಾಲಿಗೆ ಕುಯ್ದುಕೊಳ್ಳುತ್ತದೆ.

ವೈದ್ಯರಲ್ಲಿಗೆ ಹೋದಾಗ ‘ಎಂಟು ತಿಂಗಳು ಬರೀ ಟ್ಯೂನಾ’ ಎಂದು ಮೊದಲ ಮಾತಿನಲ್ಲೇ ಹೇಳಿ. ಆಹಾರದ ಚರಿತ್ರೆ ಗೊತ್ತಿಲ್ಲದಿದ್ದರೆ ಹೊಟ್ಟಿಗೆ ಶಾಂಪೂ ಬರೆದುಕೊಟ್ಟು ಕಳಿಸುವ ಸಾಧ್ಯತೆಯೇ ಹೆಚ್ಚು. ದೊಡ್ಡ ಬೆಕ್ಕಿಗೆ ಕಣ್ಣಿನ ಹಿಂಪದರದ ತಪಾಸಣೆ, ಹೃದಯದ ಸದ್ದು, ರಕ್ತಕಣ ಮತ್ತು ಕಿಡ್ನಿಯ ಪರೀಕ್ಷೆ, ಒಂದು ಮೂತ್ರಪರೀಕ್ಷೆ ಕೇಳಿ. ಹೃದಯದಲ್ಲಿ ಗೊರಗೊರ ಸದ್ದೇನಾದರೂ ಇದ್ದರೆ ಎಕೋ, ಅಂದರೆ ಹೃದಯದ ಸ್ಕ್ಯಾನ್.

ಮನೆಯಲ್ಲಿ ಉಳಿದಿರುವ ಟ್ಯೂನಾ ಡಬ್ಬಿಗಳನ್ನು ಎಸೆಯಬೇಕಾಗಿಲ್ಲ. ಬದಲಾವಣೆಯ ವಾರಗಳಲ್ಲಿ ಉಪ್ಪುನೀರಿನವು ಖರ್ಚಾಗುತ್ತವೆ. ಆಮೇಲೆ ಉಳಿದದ್ದನ್ನು ಜರಡಿಯಲ್ಲಿ ಹಾಕಿ ನಲ್ಲಿ ನೀರಿನಲ್ಲಿ ಚೆನ್ನಾಗಿ ತೊಳೆದು, ದೊಡ್ಡ ಬೆಕ್ಕಿಗೆ ವಾರಕ್ಕೆ ಎರಡು ಸಲ ಒಂದು ದೊಡ್ಡ ಚಮಚ, ಅಂದರೆ 15 ಗ್ರಾಂನಷ್ಟು ಕೊಡಬಹುದು. ಅದು ದಿನದ ಕ್ಯಾಲರಿಯ ಹತ್ತನೇ ಒಂದು ಭಾಗದೊಳಗೇ ಇರುತ್ತದೆ. ಪೂರ್ಣ ಆಹಾರ ತಿನ್ನುವ ಬೆಕ್ಕಿಗೆ ಅಷ್ಟು ಮೀನಿನಿಂದ ಯಾವ ತೊಂದರೆಯೂ ಇಲ್ಲ.